ಬಿಲ್ಲಿನಲ್ಲಿ ಯಾರೂ ಓದದ ಒಂದು ಸಾಲು

(ಕಡ್ಡಿರಾಂಪುರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ಉದ್ಯಮಗಳಲ್ಲಿ ಪವರ್ ಫ್ಯಾಕ್ಟರ್ ಸುಧಾರಣೆಯಿಂದಾಗುವ ಪ್ರಯೋಜನಗಳು" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ನನಗೆ ತಿಳಿಸಿದ್ದಾರೆ. ವಿಷಯದ ಹೆಸರು ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಕುಳಿತ ಇಬ್ಬರು ಚಹಾದ ಪಾತ್ರೆಯ ಕಡೆ ನೋಡಿದ್ದನ್ನು ನಾನು ಗಮನಿಸಿದ್ದೇನೆ. ಅವರ ತಪ್ಪಲ್ಲ. ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಪಡೆಯುವಾಗ ಈ ಪಾಠದ ದಿನ ನನಗೂ ನಿದ್ದೆ ಬಂದಿತ್ತು. ಆ ನಿದ್ದೆಯ ಬೆಲೆಯನ್ನು ಮುಂದೆ ಬೇರೊಬ್ಬರು ಕೊಡಬೇಕಾಯಿತು. ಆದ್ದರಿಂದ ಸೂತ್ರಗಳಿಗಿಂತ ಮೊದಲು ಆ ಕಥೆಯನ್ನು ಹೇಳುತ್ತೇನೆ.

ಕಂಪ್ಲಿಯ ಕಡೆ ಒಂದು ರೈಸ್ ಮಿಲ್ಲು. ಹೆಸರು ಬೇಡ. ಸ್ವಂತ ಟ್ರಾನ್ಸ್‌ಫಾರ್ಮರ್ ಇದ್ದ, ಹೈ ಟೆನ್ಷನ್ ಸಂಪರ್ಕದ ಮಿಲ್ಲು. ಅಲ್ಲಿ ನಮ್ಮವನೇ ಒಬ್ಬ ಹುಡುಗ ವೈರ್‌ಮನ್ ಆಗಿದ್ದ. ಐಟಿಐ ಪಾಸಾಗಿದ್ದ, ಮನೆಯಲ್ಲಿ ದುಡಿಯುವವನು ಅವನೊಬ್ಬನೇ. 2007ರ ಸುಮಾರಿಗೆ ಮಿಲ್ಲಿನ ಕರೆಂಟ್ ಬಿಲ್ಲು ಏರತೊಡಗಿತು. ಭತ್ತ ಅಷ್ಟೇ, ಮೋಟಾರುಗಳು ಅಷ್ಟೇ, ಬಿಲ್ಲು ಮಾತ್ರ ಹೆಚ್ಚು. ಸಾಹುಕಾರರಿಗೆ ಅನುಮಾನ ಬಂತು. ರಾತ್ರಿ ಪಾಳಿಯಲ್ಲಿ ಈ ಹುಡುಗ ಮೋಟಾರುಗಳನ್ನು ಸುಮ್ಮನೆ ಓಡಲು ಬಿಟ್ಟು ಮಲಗುತ್ತಾನೆ, ಇಲ್ಲವೇ ಪಕ್ಕದವರಿಗೆ ಕಳ್ಳ ಲೈನು ಕೊಟ್ಟಿದ್ದಾನೆ ಎಂದುಕೊಂಡರು. ಅವನನ್ನು ಕರೆದು ಲೆಕ್ಕ ಮುಗಿಸಿ ಕಳುಹಿಸಿಬಿಟ್ಟರು.

ಎರಡು ತಿಂಗಳ ನಂತರ ಪ್ಯಾನೆಲ್ ಬೋರ್ಡಿನ ಕೆಲಸಕ್ಕೆ ನನ್ನನ್ನು ಕರೆಸಿದರು. ಮೂಲೆಯಲ್ಲಿ ಒಂದು ಕಬ್ಬಿಣದ ಬೀರುವಿನಲ್ಲಿ ಎಂಟು ಕೆಪಾಸಿಟರುಗಳಿದ್ದವು. ಬಾಗಿಲು ತೆಗೆದೆ. ಐದು ಸತ್ತಿದ್ದವು. ಕೆಲವು ಹೊಟ್ಟೆ ಉಬ್ಬಿಕೊಂಡಿದ್ದವು, ಕೆಲವುಗಳ ಫ್ಯೂಸ್ ಹಾರಿತ್ತು. ಹಳೆಯ ಬಿಲ್ಲುಗಳ ಫೈಲು ತರಿಸಿ ನೋಡಿದರೆ ಪ್ರತಿ ತಿಂಗಳೂ ಪವರ್ ಫ್ಯಾಕ್ಟರ್ ಸರ್ಚಾರ್ಜ್ ಎಂಬ ಸಾಲಿನ ಮುಂದೆ ಒಂದು ಮೊತ್ತ. ಆ ಮೊತ್ತ ಹುಡುಗನ ತಿಂಗಳ ಸಂಬಳಕ್ಕಿಂತ ದೊಡ್ಡದಿತ್ತು.

"ಈ ಡಬ್ಬಿ ಏನ್ ಕೆಲ್ಸ ಮಾಡ್ತೈತಿ ಭಾಯಿ?" ಎಂದು ಸಾಹುಕಾರರು ಕೇಳಿದರು. ಹನ್ನೊಂದು ವರ್ಷ ಮಿಲ್ಲು ನಡೆಸಿದವರು, ಬೀರುವಿನ ಬಾಗಿಲು ತೆಗೆದದ್ದನ್ನು ಅಂದೇ ಮೊದಲು ನೋಡಿದ್ದರು.

ನಾನು ಅವರಿಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಅದನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ. ಆ ಹುಡುಗ ಕೆಲಸ ಕಳೆದುಕೊಳ್ಳುವ ಮೊದಲೇ ನಾನು ಒಮ್ಮೆ ಅಲ್ಲಿಗೆ ಒಂದು ಸ್ಟಾರ್ಟರಿನ ಕಾಂಟ್ಯಾಕ್ಟ್ ಬದಲಿಸಲು ಹೋಗಿದ್ದೆ. ಅಂದು ಬೀರು ಅರೆ ತೆರೆದಿತ್ತು. ಒಂದು ಕೆಪಾಸಿಟರ್ ಉಬ್ಬಿದ್ದನ್ನು ನೋಡಿದ್ದೆ. ನನ್ನ ಕೆಲಸ ಸ್ಟಾರ್ಟರು ಮಾತ್ರ, ಕೇಳದ ಮಾತು ಯಾಕೆ ಎಂದು ಸುಮ್ಮನೆ ಬಂದಿದ್ದೆ.

ಈಗ ಆ ಡಬ್ಬಿಯ ಕೆಲಸವೇನೆಂದು ನೋಡೋಣ.

ನೀವು ಬಲ್ಲಿರಿ, ಮೋಟಾರು ತಿರುಗಬೇಕಾದರೆ ಅದರೊಳಗೆ ಕಾಂತಕ್ಷೇತ್ರ ಹುಟ್ಟಬೇಕು. ಅದಕ್ಕೆ ವಿದ್ಯುತ್ ಬೇಕು. ಆದರೆ ಈ ವಿದ್ಯುತ್ತನ್ನು ಮೋಟಾರು ತಿಂದು ಮುಗಿಸುವುದಿಲ್ಲ. ತೆಗೆದುಕೊಂಡು, ಮರುಗಳಿಗೆಯಲ್ಲೇ ಲೈನಿಗೆ ಹಿಂದಿರುಗಿಸುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ, ಮತ್ತೆ ಕೊಡುತ್ತದೆ. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಈ ಕೊಡು-ಕೊಳ್ಳುವಿಕೆ ಸೆಕೆಂಡಿಗೆ ನೂರು ಸಾರಿ ನಡೆಯುತ್ತದೆ. ಇದೊಂದು ಕೈಗಡ. ಬಡ್ಡಿಯಿಲ್ಲದ ಕೈಗಡ. ಸಾಲ ಪೂರ್ತಿ ತೀರುತ್ತದೆ, ಆದರೆ ಸಾಲ ತರಲು ಮತ್ತು ಮರಳಿಸಲು ಓಡಾಡಿದ ದಾರಿ ಸವೆಯುತ್ತದಲ್ಲ? ಕಂಪ್ಲಿಯ ಮಿಲ್ಲಿನ ಮೋಟಾರು ತನ್ನ ಕೈಗಡಕ್ಕಾಗಿ ತಂತಿಗಳ ಮೂಲಕ ಪವರ್ ಹೌಸಿನವರೆಗೆ ಹೋಗಿ ಬರುತ್ತಿದ್ದರೆ ಆ ತಂತಿ, ಆ ಟ್ರಾನ್ಸ್‌ಫಾರ್ಮರ್, ಆ ಜನರೇಟರ್ ಎಲ್ಲವೂ ಈ ಓಡಾಟದ ಭಾರವನ್ನು ಹೊರಬೇಕು.

ಕೆಪಾಸಿಟರ್ ಕೂಡ ಇಂಥದೇ ಕೈಗಡದ ಗಿರಾಕಿ. ಆದರೆ ಅದರ ಸಮಯ ಉಲ್ಟಾ. ಮೋಟಾರು ಬೇಡುವ ಗಳಿಗೆಯಲ್ಲಿ ಅದು ಕೊಡುತ್ತದೆ, ಮೋಟಾರು ಹಿಂದಿರುಗಿಸುವ ಗಳಿಗೆಯಲ್ಲಿ ಅದು ಪಡೆಯುತ್ತದೆ. ಇಬ್ಬರನ್ನೂ ಒಂದೇ ಓಣಿಯಲ್ಲಿ ಕೂಡಿಸಿದರೆ ವ್ಯವಹಾರ ಅಲ್ಲಲ್ಲೇ ಮುಗಿಯುತ್ತದೆ. ಪವರ್ ಹೌಸಿನಿಂದ ಬರಬೇಕಾದದ್ದು ನಿಜವಾಗಿ ಭತ್ತ ಬೀಸುವ ಶಕ್ತಿ ಮಾತ್ರ.

ವಿದ್ಯಾರ್ಥಿಗಳಿಗಾಗಿ ಇದನ್ನೇ ಲೆಕ್ಕದಲ್ಲಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಪೈಥಾಗೊರಸನ ಪ್ರಮೇಯ ಓದಿದ್ದೀರಿ. ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಮಾಸ್ತರರನ್ನು ಕೇಳಿಯೂ ಇರುತ್ತೀರಿ. ಇಲ್ಲಿ ಬರುತ್ತದೆ. ಒಂದು ಮಿಲ್ಲಿನಲ್ಲಿ ಕೆಲಸ ಮಾಡುವ ಶಕ್ತಿ 80 ಕಿಲೋವ್ಯಾಟ್. ಕೈಗಡದ ಶಕ್ತಿ 60 ಕೆವಿಎಆರ್. ಎರಡೂ ಲಂಬಕೋನದ ಎರಡು ಬಾಹುಗಳು. ಕರ್ಣ ಎಷ್ಟು? 100 ಕೆವಿಎ. ತಂತಿ ಮತ್ತು ಟ್ರಾನ್ಸ್‌ಫಾರ್ಮರ್ ಹೊರುವ ಭಾರ ಈ ಕರ್ಣ. ಕೆಲಸದ ಶಕ್ತಿಯನ್ನು ಕರ್ಣದಿಂದ ಭಾಗಿಸಿದರೆ 0.80. ಇದೇ ಪವರ್ ಫ್ಯಾಕ್ಟರ್. ಕನ್ನಡದಲ್ಲಿ ಶಕ್ತಿ ಗುಣಾಂಕ ಎನ್ನಬಹುದು.

ಇದೇ ಮಿಲ್ಲಿಗೆ 34 ಕೆವಿಎಆರ್‌ನ ಕೆಪಾಸಿಟರ್ ಜೋಡಿಸಿ. ಹೊರಗಿನಿಂದ ತರಬೇಕಾದ ಕೈಗಡ 60ರಿಂದ 26ಕ್ಕೆ ಇಳಿಯುತ್ತದೆ. ಕರ್ಣ 84 ಕೆವಿಎ ಆಗುತ್ತದೆ, ಪವರ್ ಫ್ಯಾಕ್ಟರ್ 0.95. ಮಿಲ್ಲು ಬೀಸುವ ಭತ್ತ ಒಂದು ಕಾಳೂ ಕಡಿಮೆಯಾಗಲಿಲ್ಲ. ಆದರೆ 415 ವೋಲ್ಟಿನ ಲೈನಿನಲ್ಲಿ 139 ಆಂಪಿಯರ್ ಹರಿಯುತ್ತಿದ್ದದ್ದು 117ಕ್ಕೆ ಬಂತು. ತಂತಿ ಕಾಯುವ ನಷ್ಟ ಕರೆಂಟಿನ ವರ್ಗದ ಪ್ರಮಾಣದಲ್ಲಿರುವುದರಿಂದ ಆ ನಷ್ಟ ಶೇ. 29ರಷ್ಟು ತಗ್ಗಿತು. 100 ಕೆವಿಎ ಟ್ರಾನ್ಸ್‌ಫಾರ್ಮರ್ ಇದ್ದವರು ಪೂರ್ತಿ ತುಂಬಿತು, ಇನ್ನು ದೊಡ್ಡದು ಹಾಕಿಸಬೇಕು ಎಂದು ಓಡಾಡುತ್ತಿದ್ದರೆ, ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನೊಂದು 15 ಎಚ್‌ಪಿ ಮೋಟಾರಿಗೆ ಜಾಗ ಸಿಕ್ಕಿತು.

ಈಗ ದಂಡದ ಲೆಕ್ಕ. ನಮ್ಮ ಭಾಗಕ್ಕೆ ವಿದ್ಯುತ್ ಹಂಚುವುದು ಜೆಸ್ಕಾಂ. 2002ರಲ್ಲಿ ಆರಂಭವಾದ ಕಂಪನಿ. ನಮ್ಮ ಜನರ ಬಾಯಲ್ಲಿ ಇಂದಿಗೂ ಅದು ಕೆಇಬಿಯೇ. ದರಗಳನ್ನು ನಿರ್ಧರಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೈ ಟೆನ್ಷನ್ ಗ್ರಾಹಕರು 0.90, ಲೋ ಟೆನ್ಷನ್ ಉದ್ಯಮಗಳು 0.85ರ ಪವರ್ ಫ್ಯಾಕ್ಟರ್ ಕಾಯ್ದುಕೊಳ್ಳಬೇಕೆಂಬ ಷರತ್ತು ಆಯೋಗದ ದರ ಆದೇಶಗಳಲ್ಲಿ ಬಹುಕಾಲದಿಂದ ಬಂದಿದೆ. ಅದಕ್ಕಿಂತ ಇಳಿದರೆ ಪ್ರತಿ 0.01ಕ್ಕೆ ಯೂನಿಟ್ಟಿಗೆ ಇಷ್ಟು ಪೈಸೆ ಎಂದು ಸರ್ಚಾರ್ಜ್. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ನಿಮ್ಮ ಸಂಪರ್ಕಕ್ಕೆ ಅನ್ವಯಿಸುವ ಆದೇಶವನ್ನು ನೋಡಿಕೊಳ್ಳಿ. ಲೆಕ್ಕಕ್ಕಾಗಿ ಮೂರು ಪೈಸೆ ಎಂದಿಟ್ಟುಕೊಳ್ಳೋಣ. ಮೂರು ಪೈಸೆ ಇಂದು ಚಲಾವಣೆಯಲ್ಲೇ ಇಲ್ಲ, ಅದೇನು ಮಹಾ ಎನ್ನಬೇಡಿ. 0.80 ಎಂದರೆ ಹತ್ತು ಮೆಟ್ಟಿಲು ಕೆಳಗೆ. ಯೂನಿಟ್ಟಿಗೆ 30 ಪೈಸೆ. ತಿಂಗಳಿಗೆ 20,000 ಯೂನಿಟ್ ಉರಿಸುವ ಮಿಲ್ಲಿಗೆ 6,000 ರೂಪಾಯಿ, ವರ್ಷವಿಡೀ ನಡೆದರೆ 72,000. ಇದಲ್ಲದೆ ಹೈ ಟೆನ್ಷನ್ ಗ್ರಾಹಕರಿಗೆ ಡಿಮ್ಯಾಂಡ್ ಶುಲ್ಕ ಬೀಳುವುದೇ ಕೆವಿಎ ಮೇಲೆ, ಅಂದರೆ ಆ ಕರ್ಣದ ಮೇಲೆ. ಕರ್ಣ ಉದ್ದವಾದಷ್ಟೂ ಅಲ್ಲಿಯೂ ಹೊರೆ. ಕೆಪಾಸಿಟರಿಗೆ ಹಾಕಿದ ಬಂಡವಾಳ ಸಾಮಾನ್ಯವಾಗಿ ವರ್ಷದೊಳಗೇ ಹಿಂದಿರುಗುತ್ತದೆ ಎಂದು ನಾವು ಹೇಳುವುದು ಇದಕ್ಕೇ.

ಇನ್ನು ನಮ್ಮ ನೆಲದ ಮಾತು. ಇದೇ ಕಡ್ಡಿರಾಂಪುರದ ಸುತ್ತ ಬಾಳೆ ಮತ್ತು ಕಬ್ಬಿಗೆ ವಿಜಯನಗರ ಕಾಲದ ಕಾಲುವೆಗಳ ನೀರು ಇಂದಿಗೂ ಹರಿಯುತ್ತಿದೆ. ಆ ಕಾಲುವೆಗಳಿಗೆ ಪವರ್ ಫ್ಯಾಕ್ಟರಿನ ಗೊಡವೆಯಿಲ್ಲ, ಇಳಿಜಾರೇ ಅವುಗಳ ಮೋಟಾರು. ತುಂಗಭದ್ರಾ ಅಣೆಕಟ್ಟೆ ಬಂದ ಮೇಲೆ ಅದೇ ಇಳಿಜಾರಿನಿಂದ ವಿದ್ಯುತ್ ಹುಟ್ಟಿತು. ಅಣೆಕಟ್ಟೆಯ ಬುಡದಲ್ಲಿ 9 ಮೆಗಾವ್ಯಾಟಿನ ನಾಲ್ಕು ಯಂತ್ರಗಳು, ಹಂಪಿ ಪವರ್ ಹೌಸಿನಲ್ಲಿ ಅಂಥವೇ ನಾಲ್ಕು, ಒಟ್ಟು 72 ಮೆಗಾವ್ಯಾಟ್. ಇಂಥ ಪವರ್ ಹೌಸಿನ ಜನರೇಟರುಗಳು ಕೆಲಸದ ಶಕ್ತಿಯನ್ನೂ ಕೊಡಬಲ್ಲವು, ಕೈಗಡವನ್ನೂ ಕೊಡಬಲ್ಲವು. ಆದರೆ ಜನರೇಟರಿನ ತಾಮ್ರಕ್ಕೆ ಒಂದು ಮಿತಿಯಿದೆ. ಕೈಗಡಕ್ಕೆ ಹೆಚ್ಚು ಕೊಟ್ಟರೆ ಕೆಲಸಕ್ಕೆ ಕಡಿಮೆ.

ಅತ್ತ ಸಂಡೂರು ತಾಲ್ಲೂಕಿನ ಕಡೆ ನೋಡಿ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನ ಬಳಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಕಾರ್ಖಾನೆ ಏಳಲು ಮಾತ್ರ 1990ರ ದಶಕದಲ್ಲಿ ಜಿಂದಾಲ್ ಬರಬೇಕಾಯಿತು. ವ್ಯಾಸನಕೆರೆಯಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿಯ ಫೆರೋ ಅಲಾಯ್ ಘಟಕವಿದೆ. ಅದಿರನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಇಂಥ ಉದ್ಯಮಗಳಲ್ಲಿ ವಿದ್ಯುತ್ ಎಂಬುದು ಕಚ್ಚಾವಸ್ತುವೇ ಸರಿ. ದೊಡ್ಡ ಕುಲುಮೆಗಳಿಗೆ ಕೊಂಡೊಯ್ಯುವ ಭಾರಿ ಕರೆಂಟಿನ ದಾರಿಯೇ ಪವರ್ ಫ್ಯಾಕ್ಟರನ್ನು ಕೆಳಗೆಳೆಯುತ್ತದೆ. ಅಲ್ಲಿ ಬೀರುವಿನಲ್ಲಿಡುವ ಕೆಪಾಸಿಟರಲ್ಲ, ಅಂಗಳ ತುಂಬುವ ಕೆಪಾಸಿಟರ್ ಬ್ಯಾಂಕುಗಳು ಬೇಕು. ದೊಡ್ಡವರಿಗೆ ಇದನ್ನು ನೋಡಿಕೊಳ್ಳಲು ಇಂಜಿನಿಯರುಗಳಿದ್ದಾರೆ. ನನ್ನ ಚಿಂತೆ ಅವರದ್ದಲ್ಲ. ಹೊಸಪೇಟೆಯ ಲೇತ್ ವರ್ಕ್‌ಶಾಪು, ಕ್ರಷರ್, ಕಂಪ್ಲಿ ಮತ್ತು ಗಂಗಾವತಿಯ ಮಿಲ್ಲುಗಳು, ಐಸ್ ಫ್ಯಾಕ್ಟರಿ, ಹಿಟ್ಟಿನ ಗಿರಣಿ ಇವರ ಚಿಂತೆ. ನಮ್ಮ ಸಮಾಜದ ಹುಡುಗರು ಹೆಚ್ಚಾಗಿ ಕೆಲಸಕ್ಕಿರುವುದೂ ಇಲ್ಲಿಯೇ.

ರೈತರಿಗೂ ಒಂದು ಮಾತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರಕಾರ ಉಚಿತ ವಿದ್ಯುತ್ ಕೊಡುತ್ತಿದೆ, ನಮಗೇಕೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಬಿಲ್ಲಿಲ್ಲ, ನಿಜ. ಆದರೆ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹದಿನೈದು ಮೋಟಾರುಗಳು ಕೈಗಡಕ್ಕೆ ಓಡಾಡಿದರೆ ಲೈನಿನ ಕೊನೆಯವನಿಗೆ ವೋಲ್ಟೇಜ್ ಉಳಿಯುವುದಿಲ್ಲ. ವೋಲ್ಟೇಜ್ ಇಳಿದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಸುಡುತ್ತದೆ. ರಿವೈಂಡಿಂಗ್ ಅಂಗಡಿಗೆ ಕೊಟ್ಟ ಹಣ, ನೀರಿಲ್ಲದೆ ಬಾಡಿದ ಬಾಳೆ, ಇವೆರಡೂ ಬಿಲ್ಲಿನಲ್ಲಿ ಕಾಣುವುದಿಲ್ಲ. 5 ಎಚ್‌ಪಿ ಮೋಟಾರಿಗೆ ಸುಮಾರು 2 ಕೆವಿಎಆರ್‌ನ ಸಣ್ಣ ಕೆಪಾಸಿಟರ್ ಸಾಕು. ಆದರೆ ಒಬ್ಬರು ಹಾಕಿದರೆ ಪ್ರಯೋಜನ ಎಲ್ಲರಿಗೂ ಹಂಚಿಹೋಗುತ್ತದೆ. ಆದ್ದರಿಂದ ಯಾರೂ ಮೊದಲು ಹಾಕುವುದಿಲ್ಲ. ಒಂದು ಟ್ರಾನ್ಸ್‌ಫಾರ್ಮರಿನವರೆಲ್ಲ ಕೂಡಿ ಕುಳಿತು ಮಾತಾಡಿಕೊಂಡರೆ ಮಾತ್ರ ಆಗುವ ಕೆಲಸವಿದು.

ಕೆಪಾಸಿಟರ್ ಹಾಕುವ ಮೊದಲು ಮೋಟಾರನ್ನೂ ನೋಡಬೇಕು. 10 ಎಚ್‌ಪಿ ಸಾಕಾದಲ್ಲಿ, ಇರಲಿ ಎಂದು 20 ಎಚ್‌ಪಿ ಕೂಡಿಸುವುದು ನಮ್ಮಲ್ಲಿ ರೂಢಿ. ಪೂರ್ಣ ಭಾರದಲ್ಲಿ 0.80ರ ಮೇಲಿರುವ ಮೋಟಾರು, ಖಾಲಿ ಓಡುವಾಗ 0.30ಕ್ಕಿಂತಲೂ ಕೆಳಗೆ ಬೀಳುತ್ತದೆ. ಕೈಗಡ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸರಿಯಾದ ಅಳತೆಯ ಮೋಟಾರು, ಖಾಲಿ ಓಡುವುದನ್ನು ನಿಲ್ಲಿಸುವುದು, ಇವು ಮೊದಲು. ಡಬ್ಬಿ ಆಮೇಲೆ.

ಡಬ್ಬಿಯನ್ನು ಎಷ್ಟು ಬೇಕಾದರೂ ಹಾಕಬಹುದೆ? ಇಲ್ಲ. ಮೋಟಾರಿಗೆ ನೇರವಾಗಿ ಜೋಡಿಸುವ ಕೆಪಾಸಿಟರ್ ಆ ಮೋಟಾರಿನ ಖಾಲಿ ಓಟದ ಕೈಗಡವನ್ನು ಮೀರಬಾರದು. ಮೀರಿದರೆ ಸ್ವಿಚ್ ಆರಿಸಿದ ಮೇಲೂ ಮೋಟಾರು ತಾನೇ ಜನರೇಟರಿನಂತೆ ವರ್ತಿಸಿ ವೋಲ್ಟೇಜ್ ಏರಿಸಿಬಿಡುತ್ತದೆ. ರಾತ್ರಿ ಮಿಲ್ಲು ನಿಂತಾಗಲೂ ಕೆಪಾಸಿಟರುಗಳು ಲೈನಿನಲ್ಲೇ ಉಳಿದರೆ ಪವರ್ ಫ್ಯಾಕ್ಟರ್ ಇನ್ನೊಂದು ದಿಕ್ಕಿಗೆ ಹೋಗುತ್ತದೆ, ಅದೂ ಒಳ್ಳೆಯದಲ್ಲ. ಭಾರ ಏರಿಳಿಯುವಲ್ಲಿ ಸ್ವಯಂಚಾಲಿತ ಪ್ಯಾನೆಲ್, ಅಂದರೆ ಎಪಿಎಫ್‌ಸಿ ಪ್ಯಾನೆಲ್ ಹಾಕಬೇಕು. ಅದರ ರಿಲೇ ಅಗತ್ಯಕ್ಕೆ ತಕ್ಕಷ್ಟು ಕೆಪಾಸಿಟರುಗಳನ್ನು ಮಾತ್ರ ಒಳಗೆ ಕರೆಯುತ್ತದೆ. ಒಂದು ಸೂಕ್ಷ್ಮ ನೆನಪಿಡಿ: ಕೆಪಾಸಿಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 415 ಇರಬೇಕಾದಲ್ಲಿ 360 ವೋಲ್ಟ್ ಇದ್ದರೆ ಅದು ನಾಲ್ಕರಲ್ಲಿ ಮೂರು ಪಾಲು ಮಾತ್ರ ದುಡಿಯುತ್ತದೆ.

ಇತ್ತೀಚಿನ ಎರಡು ಸಂಗತಿಗಳು. ಈಗ ಮಿಲ್ಲುಗಳಲ್ಲೂ ಮೋಟಾರಿನ ವೇಗ ಬದಲಿಸುವ ಡ್ರೈವುಗಳು ಬಂದಿವೆ. ಇವು ಕರೆಂಟಿನ ಅಲೆಯನ್ನೇ ಅಂಕುಡೊಂಕು ಮಾಡುತ್ತವೆ, ಹಾರ್ಮೋನಿಕ್ಸ್ ಎನ್ನುತ್ತಾರೆ. ಸಾದಾ ಕೆಪಾಸಿಟರ್ ಇದರ ಜೊತೆ ಸೇರಿದರೆ ಅನುರಣನಗೊಂಡು ಬೇಗ ಸಾಯುತ್ತದೆ. ಅಂಥಲ್ಲಿ ಪ್ರತಿ ಕೆಪಾಸಿಟರಿನ ಜೊತೆ ಸರಣಿಯಲ್ಲಿ ರಿಯಾಕ್ಟರ್ ಹಾಕುತ್ತಾರೆ, ಸಾಮಾನ್ಯವಾಗಿ ಶೇ. 7ರದ್ದು. ಎರಡನೆಯದು ಮೇಲ್ಛಾವಣಿಯ ಸೋಲಾರ್. ಸೋಲಾರ್ ಹಾಕಿಸಿದ ಮೇಲೆ ಪವರ್ ಫ್ಯಾಕ್ಟರ್ ಕೆಟ್ಟಿತು ಎಂದು ದೂರುವವರಿದ್ದಾರೆ. ಲೆಕ್ಕ ನೋಡಿ. 100 ಕಿಲೋವ್ಯಾಟ್ ಭಾರ 0.90ರಲ್ಲಿ ಓಡುವಾಗ ಕೈಗಡ ಸುಮಾರು 48 ಕೆವಿಎಆರ್. ಸೋಲಾರ್ 60 ಕಿಲೋವ್ಯಾಟ್ ಕೊಟ್ಟಿತು ಎನ್ನಿ. ಕೆಇಬಿಯಿಂದ ಬರುವುದು 40 ಕಿಲೋವ್ಯಾಟ್ ಕೆಲಸ, ಆದರೆ ಕೈಗಡ ಅದೇ 48. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.64! ಯಂತ್ರ ಕೆಟ್ಟಿಲ್ಲ, ಲೆಕ್ಕ ಬದಲಾಗಿದೆ. ಸೋಲಾರ್ ಹಾಕಿಸುವಾಗಲೇ ಕೆಪಾಸಿಟರ್ ಪ್ಯಾನೆಲನ್ನೂ ಮರುಲೆಕ್ಕ ಹಾಕಿಸಬೇಕು, ಅಥವಾ ಇನ್ವರ್ಟರಿನಿಂದಲೇ ಕೈಗಡ ಕೊಡುವಂತೆ ಹೊಂದಿಸಲು ಬರುವುದೇ ಎಂದು ಕೇಳಬೇಕು.

ತಾಯಂದಿರಿಗೆ ಒಂದು ಎಚ್ಚರಿಕೆ. ಪ್ಲಗ್ಗಿಗೆ ಚುಚ್ಚಿದರೆ ಮನೆಯ ಬಿಲ್ಲು ಅರ್ಧ ಆಗುತ್ತದೆ ಎಂದು ಪವರ್ ಸೇವರ್ ಎಂಬ ಡಬ್ಬಿ ಮಾರುವವರು ಬರುತ್ತಾರೆ. ಅದರೊಳಗೆ ಇರುವುದು ಹೆಚ್ಚೆಂದರೆ ಒಂದು ಸಣ್ಣ ಕೆಪಾಸಿಟರ್. ಮನೆಯ ಬಿಲ್ಲು ಬರುವುದು ಯೂನಿಟ್ಟಿನ ಮೇಲೆ, ಅಂದರೆ ಕೆಲಸದ ಶಕ್ತಿಯ ಮೇಲೆ ಮಾತ್ರ. ಕೈಗಡಕ್ಕೆ ಮನೆಯವರಿಂದ ಹಣ ಕೇಳುವುದಿಲ್ಲ. ಕೇಳದ ದಂಡವನ್ನು ಉಳಿಸುವುದೆಂತು? ಕೊಳ್ಳಬೇಡಿ.

ಐಟಿಐ ವಿದ್ಯಾರ್ಥಿಗಳೇ, ಕೆಪಾಸಿಟರ್ ಮುಟ್ಟುವ ವಿಧಾನ ಕೇಳಿ. ಮೇನ್ ಆಫ್ ಮಾಡಿದ ಕೂಡಲೇ ಅದು ಸತ್ತಿತು ಎಂದುಕೊಳ್ಳಬೇಡಿ. ಅದು ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಇಳಿಸಲು ರೆಸಿಸ್ಟರ್ ಇರುತ್ತದೆ, ಆದರೆ ಆ ರೆಸಿಸ್ಟರ್ ಕಡಿದುಹೋಗಿರಲೂಬಹುದು. ಐದು ನಿಮಿಷ ಕಾಯಿರಿ, ಮೀಟರಿನಿಂದ ಪರೀಕ್ಷಿಸಿ, ಆಮೇಲೆ ಡಿಸ್‌ಚಾರ್ಜ್ ಮಾಡಿ, ಆಮೇಲೆ ಕೈ ಇಡಿ. ಪ್ರತಿ ತಿಂಗಳು ಒಮ್ಮೆ ಟಾಂಗ್ ಟೆಸ್ಟರಿನಿಂದ ಪ್ರತಿ ಕೆಪಾಸಿಟರಿನ ಮೂರೂ ಫೇಸುಗಳ ಕರೆಂಟ್ ಅಳೆದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಕರೆಂಟ್ ಇಳಿದಿದ್ದರೆ ಅದು ಸಾಯುತ್ತಿದೆ ಎಂದರ್ಥ. ಬಿಲ್ಲು ಬಂದ ದಿನ ಪವರ್ ಫ್ಯಾಕ್ಟರ್ ಸಾಲನ್ನು ಓದಿ, ಅದನ್ನೂ ಆ ಪುಸ್ತಕಕ್ಕೆ ಇಳಿಸಿ ಮಾಲೀಕರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಸಹಿಯ ಮಾತು ಯಾಕೆ ಹೇಳಿದೆನೆಂದು ನಿಮಗೆ ಅರ್ಥವಾಗಿರಬೇಕು. ಆ ಮಿಲ್ಲಿನ ಹುಡುಗನ ಬಳಿ ಇಂಥದೊಂದು ಪುಸ್ತಕ ಇದ್ದಿದ್ದರೆ ಅವನನ್ನು ಯಾರೂ ಕಳ್ಳ ಎನ್ನುತ್ತಿರಲಿಲ್ಲ.

ಐದು ಕೆಪಾಸಿಟರುಗಳನ್ನು ಬದಲಿಸಿದೆವು. ಮುಂದಿನ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ 0.94 ಎಂದಿತ್ತು, ಸರ್ಚಾರ್ಜಿನ ಸಾಲಿನಲ್ಲಿ ಸೊನ್ನೆ. ಸಾಹುಕಾರರು ಕೆಟ್ಟವರಲ್ಲ. ಬಿಲ್ಲು ಹಿಡಿದುಕೊಂಡು ಬಹಳ ಹೊತ್ತು ಕುಳಿತರು, ಆಮೇಲೆ "ಆ ಹುಡ್ಗಗ ಹೇಳಿ ಕಳಸ್ರಿ" ಎಂದರು. ಹೇಳಿ ಕಳುಹಿಸಿದೆ. ಅವನು ಅಷ್ಟರಲ್ಲಿ ಬೆಂಗಳೂರು ಸೇರಿದ್ದ, ಬರಲಿಲ್ಲ. ಅವನ ತಾಯಿಯ ಮನೆಗೆ ನಾನೇ ಹೋಗಿ, ತಪ್ಪು ಅವನದ್ದಲ್ಲ, ಡಬ್ಬಿಯದ್ದು ಎಂದು ಹೇಳಿ ಬಂದೆ. ಉಬ್ಬಿದ ಡಬ್ಬಿಯನ್ನು ನಾನು ಮೊದಲೇ ನೋಡಿದ್ದೆ ಎಂಬುದನ್ನೂ ಹೇಳಿದೆ. ಆ ತಾಯಿ ಏನೂ ಅನ್ನಲಿಲ್ಲ, ಕುಡಿಯಲು ನೀರು ಕೊಟ್ಟರು.

ಬಿಲ್ಲು ತರಲು ಕಾರ್ಯದರ್ಶಿಯವರು ಮೊದಲೇ ಹೇಳಿದ್ದರು. ತಂದಿರುವ ಮಿಲ್ಲಿನವರು, ವರ್ಕ್‌ಶಾಪಿನವರು ಚಹಾದ ಬಿಡುವಿನಲ್ಲಿ ಆ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಬನ್ನಿ. ನಾನು ಕನ್ನಡಕ ಮತ್ತು ಕ್ಯಾಲ್ಕುಲೇಟರ್ ತಂದಿದ್ದೇನೆ. ವಿದ್ಯಾರ್ಥಿಗಳು ನಾಲ್ಕು ಜನ ಜೊತೆಗೆ ಕುಳಿತರೆ ಎಲ್ಲರ ಬಿಲ್ಲುಗಳೂ ಸಂಜೆಯೊಳಗೆ ಮುಗಿಯುತ್ತವೆ.